ನೆತ್ತಿ ಕೂಡದ ತಲೆಯ ಗಡ್ಡೆ: ಆಪರೇಷನ್ ಥಿಯೇಟರಿನಲ್ಲಿ ನಾವು ಇಡುವ ಲೆಕ್ಕ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಶಿವಮೊಗ್ಗಕ್ಕೆ ಬರುವ, ಮಿದುಳಿನಲ್ಲಿ ಗಡ್ಡೆಯಿರುವ ಕೂಸುಗಳು ತಡವಾಗಿ ಬರುವುದಕ್ಕೆ ದಾರಿಯ ದೂರವೊಂದೇ ಕಾರಣವಲ್ಲ. ನೆತ್ತಿ ಕೂಡಿರುವುದಿಲ್ಲ, ಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ. ಗಡ್ಡೆ ಬೆಳೆದಂತೆ ತಲೆಯೂ ಹಿಗ್ಗಿ ಒತ್ತಡವನ್ನು ಮುಚ್ಚಿಡುತ್ತದೆ. ವಾಂತಿ ಅಜೀರ್ಣದ ಖಾತೆಗೆ ಹೋಗುತ್ತದೆ. ಹಾಗಾಗಿ ಮೊದಲು ಟೇಪು ಹಿಡಿಯುತ್ತೇವೆ. ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಸುಮಾರು 2 ಸೆಂ.ಮೀ. ಬೆಳೆಯಬೇಕು, ಮುಂದಿನ ಮೂರು ತಿಂಗಳು 1, ಆಮೇಲೆ ಅರ್ಧ. ಅದನ್ನು ಮೀರಿದ್ದರೆ, ಅಳದೆ ನೆಟ್ಟಗೆ ಕೂರಿಸಿದಾಗಲೂ ನೆತ್ತಿ ಉಬ್ಬಿದ್ದರೆ, ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆ ಬಿಳಿ ಕಂಡರೆ, ಅದೇ ನೆತ್ತಿಯ ಮೂಲಕ ಅಲ್ಟ್ರಾಸೌಂಡ್, ನಂತರ ಎಂಆರ್‌ಐ.

ಕೆ.ಜಿ.ಗೆ 80 ಮಿ.ಲೀ. ಲೆಕ್ಕದಲ್ಲಿ 6 ಕೆ.ಜಿ. ಕೂಸಿನ ಮೈಯ ರಕ್ತವೆಲ್ಲ 480 ಮಿ.ಲೀ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟೂ ತುಂಬದು. ಆಪರೇಷನ್ನಿನಲ್ಲಿ ದೊಡ್ಡವರಿಗೆ ಹೋದರೂ ಯಾರೂ ಕೇಳದ 50 ಮಿ.ಲೀ. ರಕ್ತ ಇಲ್ಲಿ ಹತ್ತರಲ್ಲೊಂದು ಪಾಲು. ಗಾಜ್ ತುಂಡುಗಳನ್ನು ಒಣಗಿದ್ದಾಗ ಒಮ್ಮೆ, ನೆನೆದ ಮೇಲೊಮ್ಮೆ ತೂಗುತ್ತೇವೆ. ಹೆಚ್ಚಿದ 1 ಗ್ರಾಂ ಅಂದರೆ ಸುಮಾರು 1 ಮಿ.ಲೀ. ಹೀರಿದ ರಕ್ತ ಸೇರುವ ಸಕ್ಷನ್ ಬಾಟಲಿಯ ಅಳತೆಯಿಂದ ತೊಳೆದ ಸಲೈನ್ ಕಳೆಯಬೇಕು. ಹೊದಿಕೆ ಬಟ್ಟೆಯ ಕೆಳಗೆ ಇಳಿದದ್ದು ಮಾತ್ರ ಯಾವ ಲೆಕ್ಕಕ್ಕೂ ಸಿಗದು, ನಾವು ಮೋಸ ಹೋಗುವುದು ಅಲ್ಲೇ. ಕೂಸಿಗೆ ಕೊಡುವ ರಕ್ತ ಹಿಂದಿನ ದಿನವೇ ಬಂದಿರಬೇಕು, ಹೊಸದಿರಬೇಕು. ಹಳೆಯದರಲ್ಲಿ ಪೊಟ್ಯಾಸಿಯಂ ಏರಿರುತ್ತದೆ. ರಭಸದಿಂದ ಕೊಟ್ಟರೆ ಹೃದಯ ನಿಂತೀತು.

ಮಳೆಗಾಲದ ಥಂಡಿಯಲ್ಲಿ ಕೂಸು ಒಳಗೆ ಬರುವ ಮೊದಲೇ ಥಿಯೇಟರ್ ಬೆಚ್ಚಗಿರಬೇಕು. ಮೈ ತಣ್ಣಗಾದರೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ತಲೆ ಅಲುಗದಂತೆ ಹಿಡಿಯುವ ಪಿನ್ ಹಾಕುವುದಿಲ್ಲ, ಮೂಳೆ ತೂತಾದೀತು. ಲಾಳದಾಕಾರದ ಮೆತ್ತೆ ಸಾಕು. ಬೋರಲು ಮಲಗಿಸಿದ್ದರೆ ಕಣ್ಣಿನ ಮೇಲೆ ಭಾರ ಬೀಳದಂತೆ ಆಗಾಗ ಬಗ್ಗಿ ನೋಡಬೇಕು.

ಮಿದುಳಿನ ನೀರು ಒಸರುವ ಕೋರಾಯ್ಡ್ ಪ್ಲೆಕ್ಸಸ್‌ನ ಗಡ್ಡೆಯಾದರೆ ನಡುವಿಗೆ ಕೈ ಹಾಕಬಾರದು. ಅದು ರಕ್ತನಾಳಗಳ ಗಂಟು. ಮೇಲ್ಮೈಯನ್ನು ಸುಟ್ಟು ಕುಗ್ಗಿಸುತ್ತ ತೊಟ್ಟಿನ ಕಡೆ ಸರಿದು, ಅಲ್ಲಿನ ನಾಳಗಳನ್ನು ಮುಚ್ಚಿ ಕತ್ತರಿಸಿದ ಮೇಲಷ್ಟೇ ಗಡ್ಡೆ ಹೊರಗೆ. ತೊಟ್ಟು ಸಿಗುವ ಮೊದಲೇ ಹೋದ ರಕ್ತದ ಲೆಕ್ಕ ಮೈಯ ರಕ್ತದ ಅರ್ಧ ದಾಟಿದರೆ ನಿಲ್ಲಿಸುತ್ತೇವೆ, ಕೆಲವು ವಾರ ಬಿಟ್ಟು ಮತ್ತೊಮ್ಮೆ. ಪೂರ್ತಿ ತೆಗೆಯುವ ಹಟ ಅಲ್ಲಿ ಕೆಲಸಕ್ಕೆ ಬಾರದು. ಕ್ಯಾನ್ಸರ್ ಗಡ್ಡೆ ಉಳಿದಿದ್ದರೆ ಕೀಮೋ. ಮೂರು ವರ್ಷದೊಳಗೆ ರೇಡಿಯೇಶನ್ ಆದಷ್ಟು ಕೊಡುವುದಿಲ್ಲ, ಬೆಳೆಯುವ ಮಿದುಳಿಗೆ ಪೆಟ್ಟು.

ಹೊಲಿಯುವ ಮೊದಲು ಖಾಲಿ ಜಾಗಕ್ಕೆ ಬೆಚ್ಚನೆಯ ಸಲೈನ್ ತುಂಬಬೇಕು. ಇಲ್ಲದಿದ್ದರೆ ತೆಳ್ಳಗಾದ ಮಿದುಳು ಕುಸಿದು, ಬುರುಡೆಗೂ ಅದಕ್ಕೂ ನಡುವೆ ನೀರೋ ರಕ್ತವೋ ಸೇರಿಕೊಳ್ಳುತ್ತದೆ. ಮನೆಗೆ ಕಳಿಸುವಾಗ ತಾಯಿ ಕಾರ್ಡಿನ ಮೇಲೆ ಆ ದಿನದ ಸುತ್ತಳತೆ ಬರೆದುಕೊಡುತ್ತೇವೆ. ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆ ಅಳೆಯಲಿ. ಮತ್ತೆ ಜಿಗಿದರೆ ಶಂಟ್, ಅಂದರೆ ತಲೆಯ ನೀರನ್ನು ಹೊರಹರಿಸುವ ಕೊಳವೆ, ಬೇಕಾಗಬಹುದು.