ಕಾರ್ಟೂನ್‌ನ ನಾಚಿಕೆ ಹುಡುಗನಿಗೆ ದನಿ ಕೊಡಬೇಕಾ? ಆಡಿಷನ್‌ಗೆ ಹೀಗೆ ತಯಾರಾಗಿ

ಆಡಿಷನ್‌ಗೆ ಕರೆದವರು ಸಾಮಾನ್ಯವಾಗಿ ಇಷ್ಟೇ ಬರೆದಿರುತ್ತಾರೆ: ಹುಡುಗ, 12 ವರ್ಷ, ನಾಚಿಕೆ ಸ್ವಭಾವ, ಕ್ಲಾಸಿನ ಹುಡುಗರು ದಿನಾ ಗೋಳು ಹೊಯ್ದುಕೊಳ್ಳುತ್ತಾರೆ. ಜೊತೆಗೆ ನಾಲ್ಕೈದು ಡೈಲಾಗ್. ಇದನ್ನು ಓದಿದ ಕೂಡಲೇ ತುಂಬಾ ಜನ ದನಿ ಇಳಿಸಿ, ಅಳುಮುಂಜಿ ಥರ ಓದೋಕೆ ಶುರು ಮಾಡುತ್ತಾರೆ. ದಯವಿಟ್ಟು ಅದೊಂದು ಬೇಡ. ಈ ಹುಡುಗನ ಹತ್ತಿರ ಮಾತಿಲ್ಲ ಅಂತಲ್ಲ, ಬೇಕಾದಷ್ಟಿದೆ, ಆದರೆ ನಾಲಿಗೆ ತುದಿವರೆಗೂ ಬಂದದ್ದನ್ನು ಅವನೇ ನುಂಗಿಕೊಳ್ಳುತ್ತಾನೆ. ಕೇಳುವವರಿಗೆ ಆ ನುಂಗಿಕೊಂಡಿದ್ದು ಗೊತ್ತಾಗಬೇಕು.

ಒಂದು ಸಾಲು ತಗೊಳ್ಳಿ. ಅವನ ಬ್ಯಾಗ್ ಯಾರೋ ಕಿತ್ತುಕೊಂಡಿದ್ದಾರೆ. "ಅದು ನಂದು ಕಣೋ, ಕೊಡೋ." ಇದನ್ನು ಪೂರ್ತಿ ಬೇಡಿಕೊಳ್ಳುವ ಹಾಗೆ ಹೇಳಿದರೆ ಬರೀ ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೇ. ಬದಲಿಗೆ "ಅದು ನಂದು" ಅನ್ನೋದನ್ನು ಗಟ್ಟಿಯಾಗಿ ಶುರು ಮಾಡಿ, ಎದುರಿನವನು ತಿರುಗಿ ನೋಡಿದ ಅಂದುಕೊಂಡು "ಕಣೋ" ಹೊತ್ತಿಗೆ ದನಿ ಜಾರಲಿ. ಕೊನೆಯ "ಕೊಡೋ" ಬರುವ ಮುಂಚೆ ಒಂದು ಚಿಕ್ಕ ಉಸಿರು. ಅದೇ ಹುಡುಗ ಟೀಚರ್ ಕೇಳಿದಾಗ "ಏನಿಲ್ಲ ಮಿಸ್, ಬಿದ್ಬಿಟ್ಟೆ" ಅನ್ನುತ್ತಾನಲ್ವಾ, ಅದನ್ನು ಸ್ವಲ್ಪ ಜಾಸ್ತಿನೇ ಬೇಗ ಹೇಳಿ. ದಾರಿಯುದ್ದಕ್ಕೂ ತಯಾರಿ ಮಾಡಿಕೊಂಡು ಬಂದ ಸುಳ್ಳು ಅದು. ಮನೆಯಲ್ಲಿ ಅಜ್ಜಿ ಜೊತೆ ಮಾತಾಡುವ ಸಾಲಿದ್ದರೆ ದನಿ ಪೂರ್ತಿ ಬಿಡಿ. ಎಲ್ಲ ಕಡೆ ಒಂದೇ ಥರ ಹೆದರುವ ಮಗು ಇರೋದಿಲ್ಲ.

ಸ್ಕ್ರಿಪ್ಟ್‌ನಲ್ಲಿ ಬರೆದಿಲ್ಲದಿದ್ದರೆ ತೊದಲು ಸೇರಿಸಬೇಡಿ. ತೊದಲುವುದೇ ಬೇರೆ, ನಾಚಿಕೆಯೇ ಬೇರೆ. ನಾಚಿಕೆ ತೋರಿಸೋಕೆ ಅದನ್ನು ಬಳಸಿದರೆ ನಿಜವಾಗಿ ತೊದಲುವ ಮಕ್ಕಳಿಗೆ ಅನ್ಯಾಯ.

ದೊಡ್ಡವರು ಮಗುವಿನ ದನಿ ಮಾಡುವಾಗ ಸುಮ್ನೆ ಪಿಚ್ ಏರಿಸಿದರೆ ಸಾಲದು, ಕಿರುಚುವ ಸಾಲು ಬಂದ ತಕ್ಷಣ ಆ ದನಿ ಒಡೆಯುತ್ತದೆ. ಎದೆಯಿಂದ ಬರುವ ಭಾರದ ದನಿ ಬಿಟ್ಟು ಹಗುರವಾಗಿ ಮಾತಾಡಿ, ಗಂಟೆಗಟ್ಟಲೆ ನಿಲ್ಲುವ ದನಿಯನ್ನೇ ಆರಿಸಿಕೊಳ್ಳಿ. ಹುಡುಗನ ಪಾತ್ರ ಅಂತ ಹೆಣ್ಣುಮಕ್ಕಳು ಹಿಂದೆ ಸರಿಯಬೇಡಿ. ಕಾರ್ಟೂನ್‌ಗಳಲ್ಲಿ ಹುಡುಗರ ದನಿ ಎಷ್ಟೋ ಸಲ ಹೆಂಗಸರದ್ದೇ.

ಕೆಲಸ ಡಬ್ಬಿಂಗಾ, ಹೊಸ ಸರಣಿಯಾ ಅಂತ ಮೊದಲೇ ಕೇಳಿಕೊಳ್ಳಿ. ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಡ್ಡಿ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ಮೇಲೆ ದಾರಿ ತೆರೆದುಕೊಂಡಿದೆ, ಹಾಗಾಗಿ ನಿಮಗೆ ಡಬ್ಬಿಂಗ್ ಕೆಲಸವೂ ಸಿಗಬಹುದು. ಅಲ್ಲಿ ಚಿತ್ರ ಮೊದಲೇ ಇರುತ್ತದೆ, ಪಾತ್ರದ ಬಾಯಿ ಮುಚ್ಚುವ ಹೊತ್ತಿಗೆ ನಿಮ್ಮ ಮಾತೂ ಮುಗಿಯಬೇಕು. ಹೊಸ ಸರಣಿಯಲ್ಲಿ ಸಾಮಾನ್ಯವಾಗಿ ದನಿ ಮೊದಲು, ಚಿತ್ರ ಆಮೇಲೆ. ಹಾಗಾಗಿ ಉಸಿರು, ತಡವರಿಕೆ, ನಿಲ್ಲಿಸುವಿಕೆಗೆ ಜಾಗ ಜಾಸ್ತಿ.

ಇನ್ನು ರೆಕಾರ್ಡಿಂಗ್. ಫ್ಯಾನ್ ಆಫ್ ಮಾಡಿ, ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು ಅದರ ಎದುರು ನಿಲ್ಲಿ, ಬೆನ್ನ ಹಿಂದೆ ಒಂದು ದಪ್ಪ ರಗ್ಗು ನೇತುಹಾಕಿ. ಮೈಕ್ ಬಾಯಿಂದ ಸುಮಾರು ಒಂದು ಗೇಣು ದೂರ, ನೇರ ಎದುರಿಗಲ್ಲ, ಸ್ವಲ್ಪ ಪಕ್ಕಕ್ಕೆ. ಮೆಲ್ಲಗಿನ ಸಾಲಿಗೆ ಪಿಸುಗುಟ್ಟುವ ಬದಲು ಮೈಕ್‌ಗೆ ನೀವೇ ಇನ್ನೊಂದಿಷ್ಟು ಹತ್ತಿರ ಹೋಗಿ. ಹುಡುಗ ಕೊನೆಗೂ ಸಿಡಿಯುವ ಸಾಲಿದ್ದರೆ ಒಂದು ಹೆಜ್ಜೆ ಹಿಂದೆ ಸರಿದು, ಮುಖ ಸ್ವಲ್ಪ ತಿರುಗಿಸಿ ಕೂಗಿ. ರೆಕಾರ್ಡ್ ಮಾಡುವಾಗ ದನಿ ಎಷ್ಟು ಜೋರಿದೆ ಅಂತ ತೋರಿಸುವ ಲೆವೆಲ್ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಿರಲಿ. ಬೇರೆ ಏನೂ ಹೇಳಿಲ್ಲ ಅಂದರೆ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ ವೇವ್ (WAV) ಫೈಲ್, ಮೋನೋ ಅಂದರೆ ಒಂದೇ ಚಾನೆಲ್, 48 ಕಿಲೋಹರ್ಟ್ಸ್, 24 ಬಿಟ್ ಸಾಕು. ನಾಯ್ಸ್ ತೆಗೆಯುವ ಸಾಫ್ಟ್‌ವೇರ್ ಮುಟ್ಟಲೇಬೇಡಿ, ಅದು ಉಸಿರನ್ನೂ ಅಳಿಸಿಬಿಡುತ್ತದೆ. ಈ ಪಾತ್ರದ ಅರ್ಧ ಜೀವ ಇರೋದೇ ಉಸಿರಿನಲ್ಲಿ.

ತಳ್ಳಿಸಿಕೊಂಡಾಗ, ಬಿದ್ದಾಗ, ಅಳು ತಡೆದಾಗ ಬರುವ ಸದ್ದುಗಳನ್ನೂ ಮಾಡಿ ಅಂತ ಅವರು ಕೇಳಬಹುದು. ಅವಕ್ಕೂ ಅಭ್ಯಾಸ ಬೇಕು. ಬೀಳುವ ಸದ್ದು ಗಂಟಲಿಂದ ಅಲ್ಲ, ಹೊಟ್ಟೆಯಿಂದ ಬರಲಿ. ನಿಮಗೂ ಶಾಲೆಯಲ್ಲಿ ಇಂಥ ಕಾಟ ಆಗಿದ್ದರೆ ಆ ನೋವನ್ನು ಕೆದಕಿ ಕೆದಕಿ ಹತ್ತಾರು ಟೇಕ್ ಮಾಡಬೇಡಿ, ಮನಸ್ಸಿಗೆ ಕಷ್ಟವಾದರೆ ಅವತ್ತಿಗೆ ನಿಲ್ಲಿಸಿ.

ಎರಡು ಟೇಕ್ ಕಳಿಸಿ, ಎರಡೂ ಬೇರೆ ಬೇರೆ ಥರ ಇರಲಿ. ಫೈಲ್ ಹೆಸರಿನಲ್ಲಿ ನಿಮ್ಮ ಹೆಸರು, ಪಾತ್ರದ ಹೆಸರು ಸಾಕು. ಆಡಿಷನ್‌ಗೆ ದುಡ್ಡು ಕೇಳಿದರೆ ಕೊಡಬೇಡಿ. ಕಳಿಸಿದ ಫೈಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಿ, ಮತ್ತೆ ಕರೆದಾಗ ಅವರಿಗೆ ಬೇಕಾಗೋದು ಅದೇ ದನಿ, ಸ್ಟುಡಿಯೋಗೆ ಹೋಗುವ ಮುಂಚೆ ಕೇಳಿಸಿಕೊಂಡು ಹೋಗಿ.