ಮೊಳೆ, ದಾರ ಮತ್ತು ಐದು ‘ಡೈ ಹಾರ್ಡ್’ಗಳು: ನನ್ನ ಅನುಭವ

ಹಾಲಿವುಡ್‌ನ ಹೊಡೆದಾಟದ ಚಿತ್ರಗಳಾದ ‘ಡೈ ಹಾರ್ಡ್’ ಸರಣಿಯಲ್ಲಿ ಮೊದಲ ಚಿತ್ರದ ನಿಜವಾದ ವಾರಸುದಾರ ಮೂರನೆಯ ಚಿತ್ರ. ಇದನ್ನು ಆರು ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ಚಲನಚಿತ್ರ ರಸಗ್ರಹಣ ಶಿಬಿರ ನಡೆಸುವ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಎರಡನೆಯದರಲ್ಲಿ ಮೊದಲನೆಯದರಂತೆಯೇ ಕ್ರಿಸ್‌ಮಸ್ ಇದೆ, ಅಪಾಯದಲ್ಲಿರುವ ಹೆಂಡತಿ ಇದ್ದಾಳೆ, ಕಿರಿದಾದ ಸುರಂಗದಲ್ಲಿ ತೆವಳುವುದಿದೆ, ಕಾಟ ಕೊಡುವ ಟಿ.ವಿ. ವರದಿಗಾರ ಕೂಡ ಅವನೇ. ಮೂರನೆಯದರಲ್ಲಿ ಇವು ಒಂದೂ ಇಲ್ಲ. ಬೇಸಿಗೆಯ ನ್ಯೂಯಾರ್ಕ್, ಬೀದಿ ತುಂಬಾ ಜನ, ಹೆಂಡತಿ ದೂರವಾಣಿಯ ಆ ತುದಿಯಲ್ಲಿ ಮಾತ್ರ. ಹಾಗಿರುವಾಗ ಯಾವ ಆಧಾರದ ಮೇಲೆ ಹೇಳುತ್ತೀರಿ ಎಂದು ಕೇಳುತ್ತಿದ್ದರು. ಆಧಾರ ನನ್ನ ಕಣ್ಣಿನಲ್ಲಿತ್ತು, ಕೈಯಲ್ಲಿ ಇರಲಿಲ್ಲ. ಅದನ್ನು ಕೈಗೆ ತಂದುಕೊಳ್ಳಲು ನನಗೆ ಇಪ್ಪತ್ತು ಸಾವಿರ ರೂಪಾಯಿಗೂ ಮಿಕ್ಕಿ ಖರ್ಚಾಯಿತು. ಕಳೆದ ಮಳೆಗಾಲದಲ್ಲಿ ಕೊನೆಗೂ ಕೆಲಸ ಕೈಗೂಡಿತು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಹಿಡಿದದ್ದು ನಮಗೆಲ್ಲ ಗೊತ್ತಿರುವ ದಾರಿ, ಶಾಟ್ ಎಣಿಕೆ; ಅಂದರೆ ಚಿತ್ರದಲ್ಲಿ ಕಟ್‌ಗಳ ನಡುವಿನ ತುಣುಕುಗಳು ಎಷ್ಟು ಎಂಬ ಲೆಕ್ಕ. ಇಬ್ಬರು ಹುಡುಗರಿಗೆ ದಿನಕ್ಕೆ ಮುನ್ನೂರು ರೂಪಾಯಿ ಕೊಟ್ಟು, ಕೈಯಲ್ಲಿ ಒತ್ತುವ ಎಣಿಕೆ ಯಂತ್ರ ಹಿಡಿಸಿ ಕೂರಿಸಿದೆ. ಒಂದೇ ಚಿತ್ರಕ್ಕೆ ಇಬ್ಬರ ಲೆಕ್ಕದಲ್ಲಿ ನೂರಕ್ಕೂ ಹೆಚ್ಚು ವ್ಯತ್ಯಾಸ ಬಂತು. ಸರಿ, ಮನುಷ್ಯರು ಬೇಡ ಎಂದು ಶಾಟ್ ಬದಲಾವಣೆಯನ್ನು ತಾನೇ ಗುರುತಿಸುವ ತಂತ್ರಾಂಶ ಹಾಕಿದೆ. ಹೊಡೆದಾಟದ ಚಿತ್ರಕ್ಕೆ ಅದನ್ನು ಹಾಕಿ ನೋಡಿದವರಿಗೆ ಮುಂದಿನದು ಗೊತ್ತೇ ಇರುತ್ತದೆ: ಬಂದೂಕಿನ ಬಾಯಿಯ ಪ್ರತಿ ಮಿಂಚನ್ನೂ ಅದು ಹೊಸ ಶಾಟ್ ಎಂದು ಎಣಿಸಿತು. ಒಂದು ಮಷೀನ್‌ಗನ್ ದೃಶ್ಯ ಬಂದರೆ ಲೆಕ್ಕವೆಲ್ಲ ಮಣ್ಣುಪಾಲು. ಸೂಕ್ಷ್ಮತೆ ಕಡಿಮೆ ಮಾಡಿದರೆ ಕತ್ತಲ ದೃಶ್ಯಗಳ ನಿಜವಾದ ಕಟ್‌ಗಳೇ ತಪ್ಪಿಹೋದವು. ಇದಕ್ಕಾಗಿ ಕೊಂಡ ಹಾರ್ಡ್ ಡಿಸ್ಕ್ ನಾಲ್ಕೂವರೆ ಸಾವಿರದ್ದು. ಎಂಟು ತಿಂಗಳಲ್ಲಿ ಕೆಟ್ಟು, ಮಾಡಿಟ್ಟ ಟಿಪ್ಪಣಿಗಳನ್ನೂ ಕರೆದೊಯ್ದಿತು. ಅಂದಿನಿಂದ ನಾನು ಕಾಗದವನ್ನೇ ನಂಬುತ್ತೇನೆ.

ಆಮೇಲೆ ಗಳಿಕೆಯ ಲೆಕ್ಕ ನೋಡಿದೆ. 1988ರ ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 14 ಕೋಟಿ ಡಾಲರ್ ತಂದಿತು. 1990ರ ಎರಡನೆಯದು 24 ಕೋಟಿ, 1995ರ ಮೂರನೆಯದು 36 ಕೋಟಿಗೂ ಮೇಲೆ, 2007ರ ನಾಲ್ಕನೆಯದು 38 ಕೋಟಿಯ ಆಸುಪಾಸು. 2013ರ ಐದನೆಯದನ್ನು ಎಲ್ಲರೂ ಬೈದರೂ 30 ಕೋಟಿ ದಾಟಿಸಿತು. ಇದನ್ನು ನಂಬಿದರೆ ಮೊದಲ ಚಿತ್ರವೇ ಎಲ್ಲಕ್ಕಿಂತ ಕಳಪೆ! ಗಳಿಕೆ ತೋರಿಸುವುದು ಹಿಂದಿನ ಚಿತ್ರಗಳು ಕಟ್ಟಿಕೊಟ್ಟ ಹೆಸರಿನ ಬೆಲೆಯನ್ನು, ಈ ಚಿತ್ರದ ಬೆಲೆಯನ್ನಲ್ಲ. ಇದು ತಿಳಿಯಲು ಲೆಕ್ಕ ಬರೆಯುವ ಅಗತ್ಯವೇ ಇರಲಿಲ್ಲ, ಆದರೂ ಎರಡು ವಾರ ಹೋಯಿತು.

ಪ್ರೇಕ್ಷಕರಿಂದ ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಸಿದ್ದೂ ಫಲಿಸಲಿಲ್ಲ. ಯಾವುದನ್ನು ಕೊನೆಗೆ ತೋರಿಸಿದೆನೋ ಅದಕ್ಕೇ ಹೆಚ್ಚು ಅಂಕ ಬರುತ್ತಿತ್ತು.

ದಾರದ ಉಪಾಯ ಹೊಳೆದದ್ದು ಮೊದಲ ಚಿತ್ರವನ್ನು ಹದಿನೈದನೆಯದೋ ಹದಿನಾರನೆಯದೋ ಸಲ ನೋಡುವಾಗ. ಅದರ ಬರಿಗಾಲಿನ ಕಥೆ ನಿಮಗೆಲ್ಲ ಗೊತ್ತು, ಆದರೂ ಒಮ್ಮೆ ಸಾಲಾಗಿ ಇಟ್ಟು ನೋಡಿ. ಚಿತ್ರ ಶುರುವಾಗಿ ಎರಡು–ಮೂರು ನಿಮಿಷದಲ್ಲೇ ವಿಮಾನದ ಸಹಪ್ರಯಾಣಿಕನೊಬ್ಬ ಸರಣಿಯ ನಾಯಕ, ಪೊಲೀಸ್ ಅಧಿಕಾರಿ ಮೆಕ್‌ಕ್ಲೇನ್‌ಗೆ ಹೇಳುತ್ತಾನೆ: ಊರು ತಲುಪಿದ ಮೇಲೆ ಬೂಟು, ಕಾಲುಚೀಲ ಕಳಚಿ, ನೆಲಹಾಸಿನ ಮೇಲೆ ಓಡಾಡುತ್ತಾ ಕಾಲ್ಬೆರಳುಗಳನ್ನು ಮುಷ್ಟಿಯಂತೆ ಮಡಚು. ಹೆಂಡತಿಯ ಕಚೇರಿಯಲ್ಲಿ ಅವನು ಹಾಗೆ ಮಾಡುತ್ತಿರುವಾಗಲೇ ದಾಳಿಯಾಗುತ್ತದೆ, ಬರಿಗಾಲಲ್ಲೇ ಓಡುತ್ತಾನೆ. ಮೊದಲು ಸತ್ತ ದಾಳಿಕೋರನ ಬೂಟು ಹಾಕಿಕೊಳ್ಳಲು ನೋಡಿದರೆ ಅಳತೆ ಚಿಕ್ಕದು. ಬಹಳ ಹೊತ್ತಿನ ನಂತರ, ಒತ್ತೆಯಾಳಿನಂತೆ ನಟಿಸುತ್ತಾ ಎದುರಾಗುವ ದಾಳಿಕೋರರ ನಾಯಕ ಹಾನ್ಸ್ ಗ್ರೂಬರ್‌ನ ಕಣ್ಣಿಗೆ ಆ ಬರಿಗಾಲು ಬೀಳುತ್ತದೆ. ಅದಕ್ಕೇ ಅವನು ಗಾಜಿಗೆ ಗುಂಡು ಹೊಡೆಯಲು ಹೇಳುತ್ತಾನೆ. ಆಮೇಲೆ ರಕ್ತದ ಹೆಜ್ಜೆ, ಸ್ನಾನಗೃಹದಲ್ಲಿ ಕುಳಿತು ಪಾದದಿಂದ ಚೂರು ಕೀಳುತ್ತಾ ರೇಡಿಯೊದಲ್ಲಿ ಹೊರಗಿರುವ ಪೊಲೀಸ್ ಪೊವೆಲ್ ಜೊತೆ ಮಾತು. ಒಂದು ಹಗುರವಾದ ಸಲಹೆ ನೂರು ನಿಮಿಷ ಸಾಗಿ ರಕ್ತವಾಗುತ್ತದೆ.

ಇದನ್ನೇ ಅಳೆಯಬೇಕು ಎನಿಸಿತು. ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಹಾಳೆ ತಂದೆ, ಸಾವಿರದ ನಾನೂರು ಚಿಲ್ಲರೆ ಇರಬೇಕು. ಬಡಗಿಯ ಕೈಯಲ್ಲಿ ಉದ್ದಕ್ಕೆ ಐದು ಪಟ್ಟಿ ಕೊಯ್ಯಿಸಿದೆ, ಒಂದೊಂದು ಚಿತ್ರಕ್ಕೆ ಒಂದೊಂದು. ನಿಮಿಷಕ್ಕೆ ಒಂದೂವರೆ ಸೆಂಟಿಮೀಟರ್. ಒಂದು ಸಂಗತಿ ಹುಟ್ಟುವಲ್ಲಿ ಒಂದು ಮೊಳೆ, ಅದರ ಫಲ ಕಾಣುವಲ್ಲಿ ಇನ್ನೊಂದು, ನಡುವೆ ದಾರ. ಚಪ್ಪಲಿ ಮೊಳೆ ಸಾಕು, ಕಾಲು ಕಿಲೋ ಐದಕ್ಕೂ ಆಗುತ್ತದೆ. ದಾರ ಮಾತ್ರ ದರ್ಜಿಗಳು ಬಳಸುವ ಗಟ್ಟಿ ಪಾಲಿಯೆಸ್ಟರ್ ದಾರವೇ ಆಗಬೇಕು. ಹತ್ತಿಯದು ತಂದು ಕೆಟ್ಟೆ. ಮಳೆಗಾಲದಲ್ಲಿ ಜೋಲುಬಿದ್ದು ಅಳತೆಯೇ ತಪ್ಪಿತು.

ಮೊದಲ ಸುತ್ತಿನಲ್ಲಿ ಐದೂ ಹಲಗೆಗಳು ಜೇಡರ ಬಲೆಯಂತಾದವು. ಯಾವ ಚಿತ್ರದಲ್ಲಿ ತಾನೇ ಒಂದು ಘಟನೆಗೂ ಇನ್ನೊಂದಕ್ಕೂ ನಂಟಿಲ್ಲ? ಖಳನಾಯಕ ಬಂದ, ಕೊನೆಗೆ ಸತ್ತ ಎಂದು ದಾರ ಎಳೆದರೆ ಎಲ್ಲ ಹಲಗೆಯೂ ಒಂದೇ. ನಾಲ್ಕು ತಿಂಗಳು ಇಲ್ಲೇ ಸಿಕ್ಕಿಕೊಂಡಿದ್ದೆ. ‘ಇದು ಅಳತೆಯಲ್ಲ, ಕಸೂತಿ’ ಎಂದು ಬಳಗದ ಹಿರಿಯರೊಬ್ಬರು ಎಲ್ಲರ ಎದುರೇ ಹೇಳಿದರು. ನನಗೆ ನೋವಾಯಿತು. ಆದರೆ ಅವರ ಮಾತಿನಲ್ಲಿ ಹುರುಳಿತ್ತು.

ಬಿಡಿಸಿಕೊಂಡದ್ದು ಎರಡು ನಿಯಮಗಳಿಂದ. ಒಂದು, ಹುಟ್ಟುವಾಗ ಅದು ಮುಖ್ಯ ಎನಿಸಬಾರದು. ಬಾಂಬ್ ತೋರಿಸಿ ಬಾಂಬ್ ಸಿಡಿಸಿದರೆ ದಾರವಿಲ್ಲ. ಎರಡು, ಫಲ ಯಾರಿಗಾದರೂ ತಟ್ಟಬೇಕು, ಮೈಗಾಗಲಿ ಮನಸ್ಸಿಗಾಗಲಿ. ಮೂರನೆಯ ನಿಯಮವೊಂದಿದೆ, ದಾರದ ನಡುವೆ ಗಂಟು ಎಲ್ಲಿ ಹಾಕಬೇಕು ಎಂಬುದರದ್ದು. ಅದನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎರಡೇ ನಿಯಮಗಳಿಂದಲೂ ಮುಕ್ಕಾಲು ಫಲ ಸಿಗುತ್ತದೆ.

ಮತ್ತೆ ಹಲಗೆ ಕಟ್ಟಿದಾಗ ಮೊದಲ ಚಿತ್ರದಲ್ಲಿ ಅರ್ಧ ಗಂಟೆಗಿಂತ ಉದ್ದದ ದಾರಗಳು ಹದಿನೈದು–ಹದಿನಾರು ಉಳಿದವು. ಮೆಕ್‌ಕ್ಲೇನ್‌ನ ಹೆಂಡತಿ ಹಾಲಿಯ ಕೈಗಡಿಯಾರ: ಕಂಪನಿ ಕೊಟ್ಟದ್ದೆಂದು ಅವಳ ಸಹೋದ್ಯೋಗಿ ಎಲಿಸ್ ಜಂಬದಿಂದ ತೋರಿಸಲು ಹೇಳುತ್ತಾನೆ, ಕೊನೆಯಲ್ಲಿ ಗ್ರೂಬರ್ ಜೋತುಬೀಳುವುದು ಅದನ್ನೇ ಹಿಡಿದು, ಬೀಳುವುದು ಅದರ ಪಟ್ಟಿ ಬಿಚ್ಚಿದಾಗ. ಹಲಗೆಯ ಮೇಲೆ ಆ ದಾರ ಐದಡಿಗೂ ಉದ್ದ. ಗಂಡನ ಮೇಲಿನ ಸಿಟ್ಟಿಗೆ ಹಾಲಿ ಮಗುಚಿ ಹಾಕಿದ, ಅವಳ ಗುರುತು ಬಯಲು ಮಾಡುವ ಮನೆಮಂದಿಯ ಭಾವಚಿತ್ರ ಗ್ರೂಬರ್‌ನ ಕೈಗೆ ಸಿಗಬೇಕಾದರೆ ಟಿ.ವಿ.ಯಲ್ಲಿ ಮಕ್ಕಳ ಮುಖ ಬರಬೇಕು. ಪೊವೆಲ್ ತಪ್ಪಾಗಿ ಒಬ್ಬ ಹುಡುಗನಿಗೆ ಗುಂಡು ಹೊಡೆದು, ಅಂದಿನಿಂದ ಬಂದೂಕು ಎತ್ತಲಾರದವನು. ಕೊನೆಯ ಗುಂಡು ಅವನದೇ. ಆ ಹಲಗೆಯನ್ನು ಗೋಡೆಗೆ ಒರಗಿಸಿದರೆ ವೀಣೆಯಂತೆ ಕಾಣುತ್ತದೆ, ಉದ್ದ ತಂತಿಗಳೇ ತುಂಬಿ.

ಎರಡನೆಯದರಲ್ಲಿ ಉದ್ದದ ದಾರ ಆರು. ಸದ್ದಷ್ಟೇ ಮಾಡುವ ಹುಸಿ ಗುಂಡುಗಳದ್ದು ಒಳ್ಳೆಯ ದಾರ, ಒಪ್ಪುತ್ತೇನೆ. ಆದರೆ ಆ ಚಿತ್ರದ ನಡುವೆ ಇನ್ನೂರಕ್ಕೂ ಹೆಚ್ಚು ಪ್ರಯಾಣಿಕರಿದ್ದ ವಿಮಾನವೊಂದನ್ನು ಖಳರು ನೆಲಕ್ಕೆ ಅಪ್ಪಳಿಸುತ್ತಾರೆ. ಮೆಕ್‌ಕ್ಲೇನ್ ಪಂಜು ಬೀಸಿಯೂ ತಡೆಯಲಾಗುವುದಿಲ್ಲ, ಕುಸಿದು ಅಳುತ್ತಾನೆ. ಸ್ವಲ್ಪ ಹೊತ್ತಿಗೆ ಚಿತ್ರ ಅವರನ್ನು ಮರೆತು ಮತ್ತೆ ಚಟಾಕಿಗೆ ಹೊರಳುತ್ತದೆ. ಅಷ್ಟು ದೊಡ್ಡ ಸಾವಿನಿಂದ ಹೊರಟ ದಾರ ನನ್ನ ಹಲಗೆಯಲ್ಲಿ ಒಂದು ಗೇಣೂ ಸಾಗಲಿಲ್ಲ. ಒಂದು ಜೊತೆ ಪಾದದ ದಾರ ಐದಡಿ ಸಾಗಿತ್ತು. ಈ ಎರಡು ಹಲಗೆಗಳನ್ನು ಒಂದರ ಕೆಳಗೊಂದು ಇಟ್ಟ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಮೂರನೆಯದರಲ್ಲಿ ಹನ್ನೊಂದು. ಅಲ್ಲಿ ಮೆಕ್‌ಕ್ಲೇನ್‌ಗೆ ಮೊದಲಿನಿಂದಲೂ ಕುಡಿದ ಮರುದಿನದ ತಲೆನೋವು; ದಿನವಿಡೀ ಆಸ್ಪಿರಿನ್ ಕೇಳುತ್ತಾನೆ. ಕೊನೆಗೆ ಖಳನಾಯಕ ಸೈಮನ್ ತಮಾಷೆಗೆ ಕೊಟ್ಟ ಶೀಶೆಯ ತಳದಲ್ಲೇ ಅವನ ಅಡಗುತಾಣದ ಸುಳಿವು ಸಿಗುತ್ತದೆ. ಸಹೋದ್ಯೋಗಿಯೊಬ್ಬ ತನ್ನ ಪೊಲೀಸ್ ಬಿಲ್ಲೆಯ ಸಂಖ್ಯೆಗೇ ಲಾಟರಿ ಕಟ್ಟುತ್ತಾನೆ ಎಂಬ ಹರಟೆ, ಅದೇ ಬಿಲ್ಲೆ ಬೇರೆಯವನ ಎದೆಯ ಮೇಲೆ ಕಂಡಾಗ ಮೆಕ್‌ಕ್ಲೇನ್‌ನ ಜೀವ ಉಳಿಸುತ್ತದೆ. ಕೊನೆಯ ಹತ್ತು ನಿಮಿಷ ಅವಸರದ್ದು, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಹಲಗೆ ನೋಡಿದರೆ ಮೊದಲ ಚಿತ್ರದ ಕೈ ಗುರುತಾಗುತ್ತದೆ. ಎರಡರ ನಿರ್ದೇಶಕನೂ ಜಾನ್ ಮೆಕ್‌ಟೀರ್ನನ್. ಎರಡನೆಯದು ರೆನಿ ಹಾರ್ಲಿನ್‌ನದು.

ನಾಲ್ಕನೆಯದರಲ್ಲಿ ಐದು. ಮಗಳು ಮೊದಲು ತಾಯಿಯ ಹೆಸರು ಇಟ್ಟುಕೊಂಡು, ಆಪತ್ತಿನಲ್ಲಿ ತಂದೆಯ ಹೆಸರಿಗೆ ಮರಳುವುದು ಅದರ ಅತಿ ಉದ್ದದ ದಾರ. ಅದೂ ಹಳೆಯ ಚಿತ್ರದಲ್ಲಿ ಹಾಲಿಯ ಹೆಸರಿನ ದಾರವನ್ನೇ ಬಿಚ್ಚಿ ತಂದದ್ದು. ಐದನೆಯದರಲ್ಲಿ ಎರಡೇ.

ಒಂದು ವಿಷಯ ನನ್ನನ್ನು ಈಗಲೂ ಕಾಡುತ್ತದೆ. ಮೊದಲ ಚಿತ್ರ ರೋಡರಿಕ್ ಥಾರ್ಪ್‌ನ 1979ರ ಕಾದಂಬರಿಯಿಂದ ಬಂದದ್ದು, ಎರಡನೆಯದು ವಾಲ್ಟರ್ ವೇಜರ್‌ನ ಬೇರೆಯದೇ ಕಾದಂಬರಿಯಿಂದ, ಮೂರನೆಯದು ಈ ಸರಣಿಗೆಂದು ಬರೆಯದ ಚಿತ್ರಕಥೆಯಿಂದ, ನಾಲ್ಕನೆಯದಕ್ಕೆ ಬೀಜ ಒಂದು ಪತ್ರಿಕಾ ಲೇಖನ. ಮೊದಲಿನಿಂದಲೇ ಮೆಕ್‌ಕ್ಲೇನ್‌ಗಾಗಿ ಹುಟ್ಟಿದ್ದು ಐದನೆಯದು. ಮನೆಯಲ್ಲೇ ಹುಟ್ಟಿದ ಕೂಸಿಗೆ ದಾರ ಎರಡೇ! ಹೊರಗಿನಿಂದ ತಂದ ಕಥೆಗೆ ತನ್ನದೇ ಎಲುಬು ಇರುತ್ತದೆ, ನಾಯಕ ಅದರೊಳಗೆ ಇಕ್ಕಟ್ಟಾಗಿ ನುಸುಳಬೇಕಾಗುತ್ತದೆ. ಆ ಇಕ್ಕಟ್ಟಿನಿಂದಲೇ ದಾರಗಳು ಹುಟ್ಟುತ್ತವೆ ಎಂದು ನನ್ನ ಊಹೆ.

ನಡುವೆ ಎರಡು ಅಡ್ಡದಾರಿ ಹಿಡಿದೆ. ನಮ್ಮ ಚಿತ್ರಮಂದಿರಗಳಲ್ಲಿ ಇಂಗ್ಲಿಷ್ ಚಿತ್ರಗಳಿಗೆ ಎಲ್ಲೆಂದರಲ್ಲಿ ಮಧ್ಯಂತರ ಕೊಡುತ್ತಾರಲ್ಲ, ಹಲಗೆ ನೋಡಿ ಸರಿಯಾದ ಜಾಗ ಹೇಳಬಹುದೇ ಎಂದು ಪರೀಕ್ಷಿಸಿದೆ. ಮೊದಲ ಚಿತ್ರಕ್ಕೆ ಗಂಟೆಯೊಂದರ ಸುಮಾರಿಗೆ, ಶವ ಪೊವೆಲ್‌ನ ಕಾರಿನ ಮೇಲೆ ಬೀಳುವ ಕ್ಷಣ. ಅಲ್ಲಿ ದೀಪ ಹಾಕಿ ನೋಡಿ, ಚಹಾಕ್ಕೆ ಎದ್ದವರೂ ಅದೇ ಮಾತಾಡುತ್ತಿರುತ್ತಾರೆ. ಇನ್ನೊಂದು, ‘ಕೆ.ಜಿ.ಎಫ್.’ನ 2018 ಮತ್ತು 2022ರ ಎರಡು ಭಾಗಗಳಿಗೂ ಹಲಗೆ ಕಟ್ಟಿದೆ. ಅಲ್ಲಿ ನನ್ನ ಲೆಕ್ಕ ಪೂರ್ತಿ ಕೈಕೊಟ್ಟಿತು. ತಾಯಿಗೆ ಕೊಟ್ಟ ಮಾತಿನ ದಾರ ಮೊದಲ ಭಾಗದಲ್ಲಿ ಹೊರಟು ಎರಡನೆಯದರ ಸಮುದ್ರದಲ್ಲಿ ಮುಗಿಯುತ್ತದೆ; ಬಿಡಿ ಹಲಗೆಯಲ್ಲಿ ಅದಕ್ಕೆ ಎರಡನೆಯ ಮೊಳೆಯೇ ಇಲ್ಲ. ಎರಡನ್ನೂ ಜೋಡಿಸಿದ ಮೇಲೆ ದಾರಗಳು ಸರಿಯಾಗಿ ಕುಳಿತವು. ಕಥೆ ಹೇಳುವ ದನಿ ಅನಂತನಾಗ್ ಅವರಿಂದ ಪ್ರಕಾಶ್ ರಾಜ್ ಅವರಿಗೆ ಬದಲಾದರೂ ಅದು ಒಂದೇ ಕಥೆಯ ಎರಡು ಹೋಳು. ಹಾಗಾಗಿ ಅಂಥವನ್ನು ಈ ಅಳತೆಗೆ ಎಳೆಯಬೇಡಿ.

ಆದರೆ ಹಲಗೆ ಕಟ್ಟಿದವನು ನಾನೇ, ನನಗೆ ಬೇಕಾದಂತೆ ಮೊಳೆ ಹೊಡೆದಿರಬಹುದಲ್ಲವೇ? ಬಳಗದವರ ಕೊನೆಯ ಆಕ್ಷೇಪ ಇದೇ ಆಗಿತ್ತು. ಅದಕ್ಕೆ ಉತ್ತರವಾಗಿ, ಈ ಸರಣಿಯ ಒಂದೂ ಚಿತ್ರ ನೋಡಿರದ ಹದಿನಾಲ್ಕು ಕಾಲೇಜು ವಿದ್ಯಾರ್ಥಿಗಳನ್ನು ಸೇರಿಸಿ ಐದು ಭಾನುವಾರ ಐದು ಚಿತ್ರ ತೋರಿಸಿದೆ. ಕ್ರಮ ಚೀಟಿ ಎತ್ತಿ ನಿರ್ಧರಿಸಿದ್ದು. ಪ್ರತಿ ಚಿತ್ರವಾದ ಹತ್ತು ದಿನಕ್ಕೆ ಖಾಲಿ ಹಾಳೆ ಕೊಟ್ಟು ಕಥೆ ಬರೆಯಿಸಿದೆ. ಊಟ, ಚಹಾ, ಪ್ರೊಜೆಕ್ಟರ್ ಬಾಡಿಗೆ ಸೇರಿ ಆರೇಳು ಸಾವಿರ ಆಯಿತು.

ಮೊದಲ ಚಿತ್ರವನ್ನು ಹನ್ನೆರಡು ಮಂದಿ ಸರಿಯಾದ ಕ್ರಮದಲ್ಲಿ ಬರೆದರು, ಗಾಜಿನ ಚೂರು ಎಲ್ಲರಲ್ಲೂ ಇತ್ತು. ಮೂರನೆಯದನ್ನು ಒಂಬತ್ತು ಮಂದಿ. ಮೂರು ಮತ್ತು ಐದು ಗ್ಯಾಲನ್ ಪಾತ್ರೆಗಳಿಂದ ನಾಲ್ಕು ಗ್ಯಾಲನ್ ಅಳೆಯುವ ಒಗಟನ್ನು ಇಬ್ಬರು ಹಾಸ್ಟೆಲ್‌ನಲ್ಲಿ ಬಿಂದಿಗೆ ಹಿಡಿದು ಮಾಡಿ ನೋಡಿದ್ದರಂತೆ. ಎರಡನೆಯದನ್ನು ನಾಲ್ವರೋ ಐವರೋ. ಸುಟ್ಟುಹೋದ ಆ ವಿಮಾನವನ್ನು ಬರೆದವರು ಮೂವರೇ. ನಾಲ್ಕನೆಯದರಲ್ಲಿ ಹೆಲಿಕಾಪ್ಟರ್‌ಗೆ ಕಾರು ಗುದ್ದಿಸಿದ್ದನ್ನು ಎಲ್ಲರೂ ಬರೆದರು, ಅದು ಏಕೆ ಬಂತೆಂಬುದನ್ನು ಒಬ್ಬರೂ ಬರೆಯಲಿಲ್ಲ. ಐದನೆಯದರಲ್ಲಿ ಮಾಸ್ಕೋದಿಂದ ಚೆರ್ನೋಬಿಲ್‌ಗೆ ಹೋದದ್ದು ನೆನಪಿದ್ದವರು ಇದ್ದರು, ಕಾರಣ ಬರೆದವಳು ಒಬ್ಬಳು. ದಾರಗಳ ಸಂಖ್ಯೆ ಯಾವ ಕ್ರಮದಲ್ಲಿತ್ತೋ ನೆನಪೂ ಅದೇ ಕ್ರಮದಲ್ಲಿ ಇಳಿದಿತ್ತು.

ಉತ್ತರಗಳ ಕಟ್ಟನ್ನು ಬಳಗದ ಮುಂದಿಟ್ಟೆ. ‘ಕಸೂತಿ’ ಎಂದಿದ್ದ ಹಿರಿಯರು ಒಂದೊಂದೇ ಹಾಳೆ ತಿರುವಿ, ಮೂರನೆಯ ಚಿತ್ರದ ಹಲಗೆಯ ಮುಂದೆ ಬಹಳ ಹೊತ್ತು ನಿಂತರು. ‘ಆಸ್ಪಿರಿನ್ ದಾರ ಎಲ್ಲಿ ಶುರುವಾಗುತ್ತದೆ, ತೋರಿಸಿ’ ಎಂದರು. ಎಡತುದಿಯ ಮೊಳೆಯ ಮೇಲೆ ಅವರ ಬೆರಳಿಡಿಸಿದೆ. ಈಗ ಐದೂ ಹಲಗೆಗಳು ಅವರ ಶಿಬಿರದಲ್ಲಿವೆ. ನಾನು ‘ಮ್ಯಾಡ್ ಮ್ಯಾಕ್ಸ್’ ಚಿತ್ರಸರಣಿಗೆ ಹೊಸ ಪಟ್ಟಿಗಳನ್ನು ಕೊಯ್ಯಿಸಿ ತಂದಿದ್ದೇನೆ. ಮಾತೇ ಕಡಿಮೆ ಇರುವ ನಾಲ್ಕನೆಯ ಚಿತ್ರಕ್ಕೆ ಮೊದಲ ಮೊಳೆಯನ್ನು ಎಲ್ಲಿ ಹೊಡೆಯಬೇಕು ಎಂದು ಮೂರು ದಿನಗಳಿಂದ ನೋಡುತ್ತಿದ್ದೇನೆ.