ಸ್ಟ್ಯಾಂಪು ಕೊಳ್ಳುವ ಮೊದಲು, ಕೊಂಡ ಮೇಲೆ

ಮಸಿ ಹಚ್ಚಿ ಕಾಗದದ ಮೇಲೆ ಚಿತ್ರ ಒತ್ತುವ ಸ್ಟ್ಯಾಂಪುಗಳನ್ನು ಬಿಸ್ಕೀಟಿನ ಡಬ್ಬಿಯಲ್ಲಿ ಸುರಿದು ಇಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಫೋಟೊ ಅಂಟಿಸಿ, ಸುತ್ತ ಅಚ್ಚು ಒತ್ತಿ, ಎರಡು ಸಾಲು ಬರೆದು ಸ್ಕ್ರಾಪ್‌ಬುಕ್ ಮಾಡುವ ಹುಡುಗಿಯರು ಗದಗಿನ ನಮ್ಮ ಓಣಿಯಲ್ಲೇ ಈಗ ಸಾಕಷ್ಟು ಜನ ಇದ್ದಾರೆ. ಒಳ್ಳೆಯ ಹವ್ಯಾಸ. ಮೊಬೈಲಿನಲ್ಲಿ ಕೊಳೆಯುತ್ತಿರುವ ಫೋಟೊಗಳು ಕಾಗದಕ್ಕೆ ಬರುತ್ತವಲ್ಲ ಎಂದು ನನಗೂ ಸಂತೋಷ. ಆದರೆ ಅವರ ಡಬ್ಬಿ ತೆರೆದು ನೋಡಿ. ಮರದ ಹಿಡಿಯವು, ಪಾರದರ್ಶಕವಾದವು, ಎಲ್ಲವೂ ಒಂದರ ಮೇಲೊಂದು. ಗೆರೆಗಳ ಸಂದಿಯಲ್ಲಿ ಮಸಿ ಒಣಗಿ ಗಟ್ಟಿಯಾಗಿದೆ, ನವಿಲಿನ ಕತ್ತು ಮಡಚಿಕೊಂಡಿದೆ. ‘ತೇರಿನದೊಂದು ಇತ್ತು, ಸಿಗುತ್ತಿಲ್ಲ’ ಎನ್ನುತ್ತಾರೆ. ಹೇಗೆ ಸಿಕ್ಕೀತು? ಸಿಗಲಿಲ್ಲವೆಂದು ಇನ್ನೊಂದನ್ನು ತರಿಸುತ್ತಾರೆ, ಅದೂ ಅದೇ ಡಬ್ಬಿ ಸೇರುತ್ತದೆ.

ಅಚ್ಚಿನ ಕೆಲಸದ ಶಿಸ್ತು ಗೊತ್ತಿಲ್ಲ ಎನ್ನಲು ಈ ಊರಿನವರಿಗೆ ನೆಪವಿಲ್ಲ. ಗದಗನ್ನು ಮುದ್ರಣ ಕಾಶಿ ಎಂದು ಕರೆಯುತ್ತಾರೆ. ನನ್ನ ತವರುಮನೆಯ ಪಕ್ಕದಲ್ಲೇ ಒಂದು ಮುದ್ರಣಾಲಯವಿತ್ತು. ಶಾಲೆ ಬಿಟ್ಟ ಮೇಲೆ ಅದರ ಹೊಸ್ತಿಲ ಬಳಿ ಕುಳಿತು ನೋಡುವುದೇ ನನಗೆ ಆಟ. ಮೊಳೆ, ಅಂದರೆ ಸೀಸದ ಬಿಡಿ ಅಕ್ಷರಗಳನ್ನು ಜೋಡಿಸುವ ಹಿರಿಯರು ಖಾನೆಗಳ ಕಡೆಗೆ ಕಣ್ಣು ಹಾಯಿಸುತ್ತಲೇ ಇರಲಿಲ್ಲ. ಕಣ್ಣು ಹಸ್ತಪ್ರತಿಯ ಮೇಲೆ, ಬೆರಳು ಮಾತ್ರ ಸರಿಯಾದ ಖಾನೆಗೇ ಹೋಗುತ್ತಿತ್ತು. ಹೆಚ್ಚು ಬೇಕಾಗುವ ಅಕ್ಷರಕ್ಕೆ ಕೈಗೆ ಹತ್ತಿರದ ಖಾನೆ, ಅಪರೂಪಕ್ಕೆ ಬೇಕಾಗುವುದಕ್ಕೆ ಅಂಚಿನದು. ಅಚ್ಚಾದ ಮೇಲೆ ಮೊಳೆಗಳನ್ನು ತೊಳೆದು, ಬಿಚ್ಚಿ, ಒಂದೊಂದನ್ನೂ ಅದರ ಖಾನೆಗೆ ಮರಳಿಸುವ ತನಕ ಕೆಲಸ ಮುಗಿಯಿತು ಎನ್ನುತ್ತಿರಲಿಲ್ಲ. ಲಗ್ನಪತ್ರಿಕೆಗೆ ಹಾಕುವ ಗಣಪತಿ, ಕಳಶ, ಬಾಳೆಕಂಬದ ಬ್ಲಾಕುಗಳ ಅಚ್ಚನ್ನು ಒಂದು ದಪ್ಪ ಪುಸ್ತಕದಲ್ಲಿ ಒತ್ತಿ ಇಟ್ಟಿದ್ದರು. ಗಿರಾಕಿ ಬಂದರೆ ಬ್ಲಾಕು ತೋರಿಸುತ್ತಿರಲಿಲ್ಲ, ಆ ಪುಸ್ತಕ ತೋರಿಸುತ್ತಿದ್ದರು. ನಾನು ಸ್ಟ್ಯಾಂಪುಗಳನ್ನು ಇಡುವ ಕ್ರಮವೆಲ್ಲ ಆ ಪುಸ್ತಕದಿಂದಲೇ ಬಂದದ್ದು.

ಮೊದಲು ಕೊಳ್ಳುವ ಮಾತು. ಒಂದೇ ಹಾಳೆಯಲ್ಲಿ ನಲವತ್ತು ಸ್ಟ್ಯಾಂಪು ಅಗ್ಗಕ್ಕೆ ಸಿಗುತ್ತವೆ ಎಂದು ತರಿಸುತ್ತೀರಿ. ಅದರಲ್ಲಿ ಏನಿರುತ್ತದೆ? ಹಿಮದ ಗೊಂಬೆ, ಕ್ರಿಸ್‌ಮಸ್ ಮರ, ಕಣ್ಣು ಕೊರೆದ ಕುಂಬಳಕಾಯಿ. ಯುಗಾದಿಯ ಪುಟಕ್ಕೆ ಹಿಮದ ಗೊಂಬೆಯನ್ನು ಒತ್ತುತ್ತೀರಾ? ಚಳಿಗಾಲದಲ್ಲಿ ಮಾಗಡಿ ಕೆರೆಗೆ ಹೋಗಿ ಪಟ್ಟೆತಲೆ ಹೆಬ್ಬಾತುಗಳ ಫೋಟೊ ತೆಗೆದುಕೊಂಡು ಬಂದವಳು ಆ ಪುಟದ ಅಂಚಿಗೆ ಫ್ಲೆಮಿಂಗೊ ಒತ್ತಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಮಾಲಯ ದಾಟಿ ನಮ್ಮ ಶಿರಹಟ್ಟಿ ತಾಲ್ಲೂಕಿನವರೆಗೆ ಹಾರಿ ಬಂದ ಹಕ್ಕಿಗೆ ಇಷ್ಟಾದರೂ ಮರ್ಯಾದೆ ಬೇಡವೇ? ಹೆಬ್ಬಾತು ಸಿಗದಿದ್ದರೆ ಜೊಂಡುಹುಲ್ಲಿನ ಅಚ್ಚು ಒತ್ತಿ, ನೀರಿನ ಅಲೆ ಒತ್ತಿ, ಸಾಕು.

ಕೊಳ್ಳುವ ಮೊದಲು ನಿಮ್ಮ ಮನೆಯ ಫೋಟೊಗಳನ್ನು ಪಡಸಾಲೆಯ ನೆಲದ ಮೇಲೆ ಹರಡಿ. ಮತ್ತೆ ಮತ್ತೆ ಬರುವುದು ಏನು ಎಂದು ನೋಡಿ. ಹೆಚ್ಚಿನ ಮನೆಗಳಲ್ಲಿ ಜಾತ್ರೆ, ಹಬ್ಬ, ಮಗುವಿನ ತೊಟ್ಟಿಲು, ಲಕ್ಕುಂಡಿಯ ಗುಡಿ ಬಾವಿಗಳು, ಮದುವೆ. ಅದಕ್ಕೆ ಹೊಂದುವುದನ್ನೇ ಕೊಳ್ಳಿ. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆ, ಆನೆ, ಇವು ನಮ್ಮ ಭಾಗದ ಯಾವ ಫೋಟೊದ ಪಕ್ಕದಲ್ಲಿಯೂ ಒಪ್ಪುತ್ತವೆ. ಎಳೆ ಎಣಿಸಿ ಹಾಕುವ ಹೊಲಿಗೆಯಾದ್ದರಿಂದ ಅವುಗಳ ಗೆರೆ ನೇರ, ಅಚ್ಚಿನಲ್ಲಿಯೂ ಚೊಕ್ಕಟವಾಗಿ ಮೂಡುತ್ತವೆ. ಇವುಗಳ ಜೊತೆ ಒಂದು ತೆಳ್ಳನೆಯ ಅಂಚು, ಒಂದು ಎಲೆಯ ಕುಡಿ, ಹಿನ್ನೆಲೆ ತುಂಬುವುದಕ್ಕೆ ಒಂದು ಚುಕ್ಕಿಯದು, ದಿನಾಂಕದ್ದು ಒಂದು. ಇಷ್ಟಿದ್ದರೆ ಆಲ್ಬಮ್ ಮೇಲೆ ಆಲ್ಬಮ್ ತುಂಬಬಹುದು. ಇಡೀ ಬಣ್ಣ ತುಂಬಿಕೊಳ್ಳುವ ಗಟ್ಟಿ ಚಿತ್ರಗಳು ಕಡಿಮೆ ಇರಲಿ, ಅವು ಮಸಿ ಕುಡಿಯುತ್ತವೆ, ನಡುವೆ ಬೆಳ್ಳಗೆ ಉಳಿಯುತ್ತವೆ, ಫೋಟೊವನ್ನು ನುಂಗಿಯೂ ಬಿಡುತ್ತವೆ.

ವಸ್ತು ನೋಡಿ ಕೊಳ್ಳಿ. ಮರಕ್ಕೆ ಅಂಟಿಸಿದ ಕೆಂಪು ರಬ್ಬರಿನದು ಎಲ್ಲಕ್ಕಿಂತ ಗಟ್ಟಿ. ರಬ್ಬರಿಗೆ ಗಂಧಕ ಸೇರಿಸಿ ಕಾಯಿಸಿ ಗಟ್ಟಿಮಾಡುವ ವಿಧಾನಕ್ಕೆ ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ರಬ್ಬರಿನ ಮೊಹರುಗಳೆಲ್ಲ ಆಮೇಲೆ ಬಂದವು. ಪಾರದರ್ಶಕವಾದವುಗಳಲ್ಲಿ ಫೋಟೊಪಾಲಿಮರ್, ಅಂದರೆ ಬೆಳಕಿನಿಂದ ಗಟ್ಟಿಯಾಗುವ ಪ್ಲಾಸ್ಟಿಕ್ಕಿನದು, ಒಳ್ಳೆಯದು. ಬೆರಳಿನಿಂದ ಒತ್ತಿದರೆ ತುಸು ಮೆದು, ಹಿಡಿಯಂತೆ ಬಳಸುವ ಅಕ್ರಿಲಿಕ್ ಬ್ಲಾಕಿಗೆ ತಾನಾಗಿ ಅಂಟುತ್ತದೆ, ಕೂದಲೆಳೆಯಂಥ ಗೆರೆಯೂ ಮೂಡುತ್ತದೆ. ಅದರಂತೆಯೇ ಕಾಣುವ ಅಗ್ಗದ ಸಿಲಿಕೋನ್ ಮಸಿಯನ್ನು ಹಿಡಿಯುವುದಿಲ್ಲ. ಪ್ಯಾಡು ತಟ್ಟಿದರೆ ಮಸಿ ಮಣಿಮಣಿಯಾಗಿ ನಿಲ್ಲುತ್ತದೆ, ಕಾಗದದ ಮೇಲೆ ಚಿತ್ರ ಸಿಡುಬು ಬಂದ ಮುಖದಂತಾಗುತ್ತದೆ. ಹೊಸ ಸ್ಟ್ಯಾಂಪಿನಲ್ಲಿ ಮಸಿ ಸರಿಯಾಗಿ ಹತ್ತದಿದ್ದರೆ ತಕ್ಷಣ ಬೈಯಬೇಡಿ, ತಯಾರಿಕೆಯ ಜಿಡ್ಡು ಮೇಲೆ ಉಳಿದಿರುತ್ತದೆ. ಶಾಲೆಯ ಮಕ್ಕಳ ಬಿಳಿ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಒತ್ತಿ ನೋಡಿ. ಆಗಲೂ ಮಣಿ ಕಟ್ಟಿದರೆ ಅದು ಸಿಲಿಕೋನೇ, ಮಕ್ಕಳಿಗೆ ಆಡಲು ಕೊಟ್ಟುಬಿಡಿ.

ಒತ್ತಿದ ಕೂಡಲೇ ಒರೆಸಬೇಕು, ನಾಳೆಗೆ ಬಿಡಬಾರದು. ಒದ್ದೆ ಹತ್ತಿಬಟ್ಟೆ ಸಾಕು, ಸಂದಿಗೆ ಹಳೆಯ ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು. ಮರದ ಹಿಡಿಯದನ್ನು ನೀರಿನಲ್ಲಿ ನೆನೆಸಿದರೆ ಅಂಟು ಬಿಟ್ಟುಕೊಂಡು ರಬ್ಬರ್ ಕಳಚಿ ಬರುತ್ತದೆ. ಪಾರದರ್ಶಕದ್ದನ್ನು ಮಾತ್ರ ಸೌಮ್ಯ ಸೋಪಿನ ನೀರಿನಲ್ಲಿ ತೊಳೆಯಬಹುದು. ತೊಳೆದು ತಾನಾಗಿ ಆರಲು ಬಿಟ್ಟರೆ ಹೋಗಿದ್ದ ಅಂಟುಗುಣವೂ ಮರಳುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವ, ಸ್ಯಾನಿಟೈಸರ್, ಸೀಮೆಎಣ್ಣೆ ಎಂದು ಪ್ರಯೋಗ ಮಾಡುತ್ತೀರಲ್ಲ, ಅದನ್ನು ನಿಲ್ಲಿಸಿ. ಮುದ್ರಣಾಲಯದಲ್ಲಿ ಸೀಮೆಎಣ್ಣೆಯಿಂದ ತೊಳೆಯುತ್ತಿದ್ದದ್ದು ಸೀಸದ ಮೊಳೆಗಳನ್ನು. ರಬ್ಬರ್ ಅದರಲ್ಲಿ ಊದಿಕೊಳ್ಳುತ್ತದೆ. ಇನ್ನು ಬೆಳ್ಳಗಿದ್ದ ಸ್ಟ್ಯಾಂಪು ನೀಲಿಯಾಯಿತು ಎಂದು ಗೋಳಾಡಬೇಡಿ, ಕಲೆ ಉಳಿದರೆ ಅಚ್ಚಿಗೆ ಏನೂ ತೊಂದರೆಯಿಲ್ಲ.

ಬಿಸಿಲು ಇವುಗಳ ದೊಡ್ಡ ಶತ್ರು. ಏಪ್ರಿಲ್ ತಿಂಗಳಿನಲ್ಲಿ ನಮ್ಮಲ್ಲಿ ಕಿಟಕಿಯ ಕಟ್ಟೆ ಹೇಗೆ ಕಾಯುತ್ತದೆ ಎಂಬುದು ಗೊತ್ತೇ ಇದೆ. ಅಲ್ಲಿಟ್ಟ ಫೋಟೊಪಾಲಿಮರ್ ಹಳದಿಯಾಗುತ್ತದೆ, ರಬ್ಬರ್ ಬಿರುಕು ಬಿಡುತ್ತದೆ. ಗೋಡೆಯ ಒಳಗಿನ ಕಪಾಟಿನ ಕೆಳಖಾನೆ ಸರಿಯಾದ ಜಾಗ. ಪಾರದರ್ಶಕದ್ದನ್ನು ಇಡುವ ಜೇಬಿನ ಹಾಳೆ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದಾಗಿರಲಿ. ಹೊಸ ಮಳೆಯಂಗಿಯ ವಾಸನೆ ಬರುವ ಮೆತ್ತನೆಯ ಪಿವಿಸಿ ಹಾಳೆ ಬೇಡ. ಅದನ್ನು ಮೆದು ಮಾಡಲು ಸೇರಿಸಿದ ಎಣ್ಣೆಯಂಥ ವಸ್ತು ನಿಧಾನವಾಗಿ ಹೊರಬಂದು ಸ್ಟ್ಯಾಂಪನ್ನು ಜಿಗುಟು ಮಾಡುತ್ತದೆ. ಮರದ ಸ್ಟ್ಯಾಂಪುಗಳನ್ನು ತಗ್ಗಾದ ತಟ್ಟೆಯಲ್ಲಿ ಒಂದೇ ಪದರವಾಗಿ, ರಬ್ಬರ್ ಕೆಳಗೆ ಬರುವಂತೆ ಇಡಿ. ಮೇಲೊಂದು ಪದರ ಹೇರಬೇಡಿ.

ಜೋಡಿಸುವಾಗ ಆಕಾರ ನೋಡಿ ಜೋಡಿಸುವವರೇ ಹೆಚ್ಚು. ದೊಡ್ಡವು ಒಂದೆಡೆ, ಚಿಕ್ಕವು ಒಂದೆಡೆ. ತಪ್ಪು. ಕೈ ಹುಡುಕುವುದು ಸಂದರ್ಭವನ್ನು. ಹಬ್ಬದ್ದು ಒಂದು ಜೇಬು, ಊರು ತಿರುಗಿದ್ದು ಒಂದು, ಮಗುವಿನದು ಒಂದು. ಅಂಚು, ಎಲೆ, ದಿನಾಂಕ ಎಲ್ಲ ಪುಟಕ್ಕೂ ಬೇಕಾದ್ದರಿಂದ ಅವು ಎಲ್ಲಕ್ಕಿಂತ ಮುಂದೆ ಇರಬೇಕು.

ಈಗ ನಾನು ಯಾರು ಏನೇ ಅಂದರೂ ಬಿಡದ ಒಂದು ಕ್ರಮ. ಇದಕ್ಕೆ ಒಂದು ಮಧ್ಯಾಹ್ನ ಬೇಕು, ತಾಳ್ಮೆಯೂ ಬೇಕು. ಒಂದೊಂದು ಜೇಬಿನ ಸ್ಟ್ಯಾಂಪುಗಳನ್ನೆಲ್ಲ ಹೊರಗೆ ತೆಗೆದು, ನುಣುಪಾದ ಬಿಳಿ ಎ4 ಹಾಳೆಯ ಮೇಲೆ ಕಪ್ಪು ಮಸಿಯಲ್ಲಿ ಒಂದೊಂದನ್ನೇ ಒತ್ತಿ. ಎರಡು ಚಿತ್ರಗಳ ನಡುವೆ ಹೆಬ್ಬೆರಳಿನಷ್ಟು ಜಾಗ ಬಿಡಿ. ಸ್ಟ್ಯಾಂಪನ್ನು ಪ್ಯಾಡಿಗೆ ಗುದ್ದಬೇಡಿ, ಅದನ್ನು ಅಂಗಾತ ಹಿಡಿದು ಪ್ಯಾಡಿನಿಂದ ಮೆಲ್ಲಗೆ ತಟ್ಟಿ, ಮಸಿ ಸಮನಾಗಿ ಹೊಳೆಯುವ ತನಕ. ಪಾರದರ್ಶಕದ್ದಾದರೆ ಹಾಳೆಯ ಕೆಳಗೆ ಮೌಸ್ ಪ್ಯಾಡಿನಂಥ ಮೆತ್ತನೆಯದನ್ನು ಹಾಸಿ. ನೇರವಾಗಿ ಇಳಿಸಿ, ಒತ್ತಿ, ನೇರವಾಗಿ ಎತ್ತಿ. ತೊಟ್ಟಿಲು ತೂಗುವ ಹಾಗೆ ಅತ್ತಿತ್ತ ಆಡಿಸಿದರೆ ಅಂಚಿನ ಮಸಿ ಹತ್ತಿ ಚಿತ್ರಕ್ಕೆ ಕೊಳಕು ಚೌಕಟ್ಟು ಬರುತ್ತದೆ. ಪ್ರತಿ ಚಿತ್ರದ ಕೆಳಗೆ ಸಣ್ಣದಾಗಿ ಸಂಖ್ಯೆ ಬರೆಯಿರಿ, ಅದೇ ಸಂಖ್ಯೆಯನ್ನು ಮರದ ಹಿಡಿಯ ಮಗ್ಗುಲಿಗೆ, ಪಾರದರ್ಶಕದ್ದಾದರೆ ಅದು ಅಂಟಿಕೊಂಡಿರುವ ಹಾಳೆಗೆ ಬರೆಯಿರಿ. ಕೊನೆಗೆ, ಮರೆಯದೆ, ಹಾಳೆಯ ತಳಭಾಗದಲ್ಲಿ ಸ್ಕೇಲ್ ಇಟ್ಟು ಸರಿಯಾಗಿ 10 ಸೆಂಟಿಮೀಟರ್ ಉದ್ದದ ಗೆರೆ ಎಳೆಯಿರಿ.

ಮಸಿ ಪೂರ್ತಿ ಆರಿದ ಮೇಲೆ ಆ ಹಾಳೆಯನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಪಾರದರ್ಶಕ ಒಎಚ್‌ಪಿ (ಓವರ್‌ಹೆಡ್ ಪ್ರೊಜೆಕ್ಟರ್) ಹಾಳೆಯ ಮೇಲೆ ಪ್ರತಿ ತೆಗೆಸಿ. ಝೆರಾಕ್ಸ್ ಯಂತ್ರಕ್ಕೆಂದೇ ಮಾಡಿದ ಹಾಳೆಯಾಗಬೇಕು. ಪುಸ್ತಕಕ್ಕೆ ಹೊದಿಸುವ ಪ್ಲಾಸ್ಟಿಕ್ ಒಯ್ದರೆ ಯಂತ್ರದ ಬಿಸಿಗೆ ಕರಗಿ ಒಳಗೇ ಅಂಟಿಕೊಳ್ಳುತ್ತದೆ, ಅಂಗಡಿಯವರು ಬೈಯುತ್ತಾರೆ, ಬೈಯಬೇಕಾದ್ದೇ. ಅಳತೆ ನೂರಕ್ಕೆ ನೂರು ಇರಲಿ ಎಂದು ಹೇಳಿ. ಹೇಳಿದರೂ ಎಷ್ಟೋ ಸಲ ತುಸು ಕುಗ್ಗಿಯೇ ಬರುತ್ತದೆ. ಅದಕ್ಕೇ ಆ ಗೆರೆ. ಅಲ್ಲೇ ನಿಂತು ಸ್ಕೇಲ್ ಇಟ್ಟು ನೋಡಿ, 10 ಸೆಂಟಿಮೀಟರ್ ಇಲ್ಲದಿದ್ದರೆ ಮತ್ತೆ ತೆಗೆಸಿ. ಮುಖ ನೋಡಿ ಸಂಕೋಚಪಡಬೇಡಿ.

ಈ ಹಾಳೆಯಿಂದ ಏನು ಲಾಭ ಎಂದು ಕೇಳುವವರು ಒಮ್ಮೆ ಬಳಸಿ ನೋಡಲಿ. ಫೋಟೊ ಅಂಟಿಸಿದ ಪುಟದ ಮೇಲೆ ಪಾರದರ್ಶಕ ಹಾಳೆಯನ್ನು ಇಟ್ಟು ಮೆಲ್ಲಗೆ ಸರಿಸುತ್ತಾ ಹೋಗಿ. ಆನೆ ಫೋಟೊದ ಪಕ್ಕದಲ್ಲಿ ದೊಡ್ಡದಾಯಿತೇ, ತೇರಿನ ಕಳಸ ಬರಹಕ್ಕೆ ತಾಗುತ್ತದೆಯೇ, ಅಂಚು ಮೂಲೆಯವರೆಗೆ ಮುಟ್ಟುತ್ತದೆಯೇ ಎಲ್ಲವೂ ಒಂದು ಹನಿ ಮಸಿ ಬೀಳುವ ಮೊದಲೇ ಗೊತ್ತಾಗುತ್ತದೆ. ಮರದ ಸ್ಟ್ಯಾಂಪಿನ ರಬ್ಬರ್ ನೋಡಿ ಅಂದಾಜು ಮಾಡುವವರು ಮೋಸ ಹೋಗುತ್ತಾರೆ. ರಬ್ಬರಿನಲ್ಲಿ ಎಡಕ್ಕೆ ನೋಡುವ ಹಕ್ಕಿ ಕಾಗದದ ಮೇಲೆ ಬಲಕ್ಕೆ ನೋಡುತ್ತದೆ. ಹಕ್ಕಿಯಾಗಲಿ ಆನೆಯಾಗಲಿ ಫೋಟೊದ ಕಡೆಗೆ ಮುಖ ಮಾಡಿರಬೇಕು. ಪುಟದಿಂದ ಹೊರಗೆ ನಡೆದು ಹೋಗುವ ಆನೆ ನೋಡುವವರ ಕಣ್ಣನ್ನೂ ಹೊರಗೇ ಒಯ್ಯುತ್ತದೆ. ಝೆರಾಕ್ಸ್ ಮಸಿ ಇರುವ ಮೈ ಮೇಲಕ್ಕೆ ಬರುವಂತೆ ಹಾಳೆಯನ್ನು ಹಿಡಿಯಿರಿ, ಇಲ್ಲವಾದರೆ ಚಿತ್ರ ತಿರುಗಿ ಕಾಣುತ್ತದೆ, ಮಸಿ ಫೋಟೊಗೆ ಉಜ್ಜುತ್ತದೆ. ಜಾಗ ಗೊತ್ತಾದ ಮೇಲೆ ಮೂಲೆಗೆ ಪೆನ್ಸಿಲಿನಿಂದ ಕಂಡೂ ಕಾಣದ ಚುಕ್ಕಿ ಇಟ್ಟು ಒತ್ತಿ. ಕಾಗದದ ಹಾಳೆ, ಪಾರದರ್ಶಕ ಹಾಳೆ ಎರಡನ್ನೂ ಆಯಾ ಜೇಬಿನಲ್ಲೇ ಇಡಿ. ಹೊಸದನ್ನು ಕೊಂಡ ದಿನವೇ ಕಾಗದದ ಹಾಳೆಗೆ ಅದರ ಅಚ್ಚು ಬೀಳಬೇಕು. ಅಂಗಡಿಗೆ ಹೋಗುವಾಗ ಆ ಹಾಳೆಗಳ ಫೋಟೊ ಮೊಬೈಲಿನಲ್ಲಿದ್ದರೆ ಇದ್ದದ್ದನ್ನೇ ಮತ್ತೆ ಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಕನ್ನಡ ಅಕ್ಷರಗಳ ಸ್ಟ್ಯಾಂಪು ಬೇಕೆಂದು ಕೇಳುವವರಿಗೆ ಒಂದು ಮಾತು. ಇಂಗ್ಲಿಷಿಗೆ ಇಪ್ಪತ್ತಾರು ಬಿಡಿ ಅಕ್ಷರ ಸಾಕು. ನಮಗೆ ಕಾಗುಣಿತ, ಒತ್ತಕ್ಷರ ಎಲ್ಲ ಬೇಕು. ‘ಲಕ್ಕುಂಡಿ’ ಎಂದು ಬಿಡಿ ಅಕ್ಷರಗಳಲ್ಲಿ ಒತ್ತಲು ಹೋದರೆ ಕಕಾರದ ಒತ್ತು ಎಲ್ಲಿ, ಕೊಂಬು ಎಲ್ಲಿ ಎಂದು ಒದ್ದಾಡುತ್ತೀರಿ. ಕಚೇರಿಯ ಮೊಹರು ಮಾಡಿಕೊಡುವ ಅಂಗಡಿ ಪ್ರತಿ ಊರಿನ ಪೇಟೆಯಲ್ಲೂ ಇದೆ. ‘ಜಾತ್ರೆ’, ‘ಸೀಮಂತ’, ‘ಅಜ್ಜಿ ಮನೆ’, ಹೀಗೆ ನಿಮಗೆ ಬೇಕಾದ ಪದವನ್ನೇ ಇಡಿಯಾಗಿ ಮಾಡಿಸಿಕೊಳ್ಳಿ. ಮಾಡಿಸುವ ಮೊದಲು ಕಾಗುಣಿತವನ್ನು ಎರಡು ಸಲ ಓದಿ, ಮನೆಯಲ್ಲಿ ಇನ್ನೊಬ್ಬರಿಗೂ ಓದಿಸಿ.

ಮಸಿಯ ವಿಷಯ ಚಿಕ್ಕದು. ನೀರಿನಂಥ ಡೈ ಮಸಿ ಬೇಗ ಆರುತ್ತದೆ, ಆದರೆ ಬೆಳಕಿಗೆ ಮಾಸುತ್ತದೆ. ಮೊಮ್ಮಕ್ಕಳು ನೋಡಬೇಕಾದ ಆಲ್ಬಮಿಗೆ ಬಣ್ಣದ ಪುಡಿ ಬೆರೆತ ಪಿಗ್ಮೆಂಟ್ ಮಸಿಯೇ ಬೇಕು, ಆರಲು ಹೊತ್ತು ಹಿಡಿದರೂ ಸರಿ. ಹಾಳೆ ಆಮ್ಲರಹಿತವಾಗಿರಲಿ, ಇಲ್ಲದಿದ್ದರೆ ಹಳೆಯ ಪತ್ರಿಕೆಯಂತೆ ಹಳದಿಯಾಗಿ ಫೋಟೊವನ್ನೂ ಕೆಡಿಸುತ್ತದೆ. ಡೈ ಮಸಿಯ ಪ್ಯಾಡನ್ನು ಮುಚ್ಚಳ ಬಿಗಿಯಾಗಿ ಹಾಕಿ ಬೋರಲಾಗಿ ಇಟ್ಟರೆ ಮಸಿ ಮೇಲ್ಮೈಯಲ್ಲೇ ಉಳಿಯುತ್ತದೆ. ಯಾರಾದರೂ ಸ್ಟ್ಯಾಂಪು ಎರವಲು ಕೇಳಿದರೆ ಇಡೀ ಜೇಬನ್ನೇ ಹಾಳೆಯ ಸಮೇತ ಕೊಡಿ. ಮರಳಿ ಬಂದಾಗ ಅವರ ಎದುರಿಗೇ ಸಂಖ್ಯೆ ನೋಡಿ ಒಳಗಿಡಿ.